ಮರುಸೊಲ್ಲಿನ ಜಾಗ

ಚನ್ನಗಿರಿಯ ಅಡಿಕೆ ಸುಲಿಯೋ ಚಪ್ಪರದಲ್ಲಿ ಹಾಡು ಅಂದ್ರೆ ಲಕ್ಷ್ಮಮ್ಮ. ಇಪ್ಪತ್ತೆರಡು ಸುಗ್ಗಿ ಅವಳ ಬಲಕ್ಕೆ ಕೂತವಳು ನಾಗರತ್ನ. ಲಕ್ಷ್ಮಮ್ಮ ಒಂದು ಸೊಲ್ಲು ಎತ್ತಬೇಕು, ನಾಗರತ್ನ ಮರುಸೊಲ್ಲು ಕೊಡಬೇಕು, ಕತ್ತಿಯ ಮೇಲೆ ಕೈ ಓಡುತ್ತಲೇ ಇರಬೇಕು. ಗಂಡ ಸತ್ತ ವರ್ಷ ಲಕ್ಷ್ಮಮ್ಮನಿಗೆ ದನಿಯೇ ಹೊರಡದಾಗ ಎರಡೂ ಸೊಲ್ಲನ್ನು ನಾಗರತ್ನಳೇ ಹೇಳಿ ಸುಗ್ಗಿ ದಾಟಿಸಿದ್ದಳು.

ಮದುವೆಗಳಿಗೆ ಸೌಂಡು ಹಾಕೋ ಪ್ರವೀಣ್ ಕುಮಾರ್ ಹೋದ ವರ್ಷ ಒಂದು ಆಲ್ಬಮ್ ಮಾಡಾಕೆ ಹೊರಟ. ಡ್ರಮ್ ಅಂಡ್ ಬೇಸ್ ಅಂತೆ. ಓಡೋಡಿ ಬರೋ ಡ್ರಮ್ಮು, ಎದೆಗೂಡು ನಡುಗಿಸೋ ಬೇಸು, ನಡುವೆ ಟೆಕ್ನೋ ಅನ್ನೋ ಮಿಷಿನ್ ತಾಳ, ಅದರ ಮೇಲೆ ಸೋಲ್ ಅಂತ ಕರುಳಿಂದ ಬರೋ ದನಿ. ಆ ದನಿಗೆ ಲಕ್ಷ್ಮಮ್ಮನನ್ನು ಕರೆದ. ಆಲ್ಬಮ್ಮಿನ ಮೇಲೆ ಫೋಟೊ ಬರತೈತೆ ಅಂದಿದ್ದಕ್ಕೆ ನಾಗರತ್ನಳ ಹಸಿರು ಸೀರೆ ಕೇಳಿ ಉಟ್ಟುಕೊಂಡು ಹೋದಳು.

“ಜೊತೆಗೆ ಹೇಳೋರು ಯಾರಾದ್ರೂ ಅದಾರೇನಮ್ಮ? ಅವರನ್ನೂ ಕರಸ್ರಿ,” ಅಂದ ಪ್ರವೀಣ.

ಲಕ್ಷ್ಮಮ್ಮನ ಕಣ್ಣು ಕ್ಯಾಮೆರಾದ ಮೇಲಿತ್ತು. “ಯಾರೂ ಇಲ್ಲಪ್ಪ. ನಾನೊಬ್ಬಳೇ.”

ಹಾಡು ಫೋನಿಗೆ ಬಂದ ದಿನ, ಜೊತೆಗೆ ಸುಲಿಯೋ ನೇತ್ರಾವತಿ ಚಪ್ಪರದಲ್ಲೇ ಜೋರಾಗಿ ಹಚ್ಚಿದಳು. “ಲಕ್ಷ್ಮಕ್ಕ, ಇನ್ಮ್ಯಾಲೆ ನಿನ್ನ ಮಾತಾಡ್ಸಾಕೂ ಟಿಕೀಟು ತಗೋಬೇಕೇನೇ?” ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾಗರತ್ನ.

“ಕೆರೆ ಏರಿ ಮ್ಯಾಲೆ ಯಾರು ಬಂದಾರೆ...” ಅಂತ ಫೋನಿನ ಲಕ್ಷ್ಮಮ್ಮ ಹಾಡಿ ನಿಂತಳು. ಒಬ್ಬಳೇ ಹಾಡುವಾಗಲೂ ಮರುಸೊಲ್ಲಿಗೆ ಕಾಯೋ ರೂಢಿ ಬಿಟ್ಟಿರಲಿಲ್ಲ. ಆ ಖಾಲಿ ಜಾಗಕ್ಕೆ ಪ್ರವೀಣ ದಡದಡ ಡ್ರಮ್ಮು ತುಂಬಿದ್ದ. ಅದರ ಮೇಲೇ ನಾಗರತ್ನ ಬಾಯ್ತಪ್ಪಿ ಹೇಳಿದಳು, “ನನ್ನ ತವರಿನೋರು ಬಂದಾರೆ...” ಅಳತೆ ಮಾಡಿ ಇಟ್ಟಂಗೆ ಕೂತಿತು. ಎರಡನೇ ಸಲವೂ ಕೂತಿತು. ಮೂರನೇ ಸಲ ಅವಳ ಕೈ ನಿಂತಿತು.

“ನನ್ನ ಜಾಗ ಹಂಗೇ ಬಿಟ್ಟೀಯಲ್ಲೇ. ನನ್ನನ್ನೂ ಕರೀ ಅಂತ ಅವನಿಗೆ ಹೇಳಬಾರದಿತ್ತಾ?”

‘ಅವನೇ ಬ್ಯಾಡ ಅಂದ’ ಅಂತ ಹೇಳಿಬಿಟ್ಟಿದ್ದರೆ ಅಲ್ಲಿಗೆ ಮುಗೀತಿತ್ತು. ಇಪ್ಪತ್ತೆರಡು ಸುಗ್ಗಿ ಪಕ್ಕದಲ್ಲೇ ಕೂತ ಆ ಮುಖ ನೋಡಿ ಲಕ್ಷ್ಮಮ್ಮನಿಗೆ ಇನ್ನೊಂದು ಸುಳ್ಳು ಬರಲಿಲ್ಲ. ತಲೆ ತಗ್ಗಿಸಿದಳು.

“ಅವನೇ ಕೇಳಿದ್ದ. ನಾನು ಯಾರೂ ಇಲ್ಲ ಅಂದೆ.”

ನಾಗರತ್ನ ಫೋನು ಈಸಿಕೊಂಡು ಆಲ್ಬಮ್ಮಿನ ಫೋಟೊ ನೋಡಿದಳು. “ಸೀರೆ ಚೆನ್ನಾಗಿ ಕಂಡೈತೆ ಬಿಡು,” ಅಂದು ವಾಪಸ್ ಕೊಟ್ಟಳು.

ಈಗಲೂ ಅವಳು ಅದೇ ಬಲಕ್ಕೇ ಕೂರುತ್ತಾಳೆ, ಎಲೆ ಅಡಿಕೆಯನ್ನೂ ಕೊಡುತ್ತಾಳೆ. ಮರುಸೊಲ್ಲು ಮಾತ್ರ ಕೊಡುವುದಿಲ್ಲ. ಲಕ್ಷ್ಮಮ್ಮ ಸೊಲ್ಲು ಎತ್ತುವುದನ್ನೇ ಬಿಟ್ಟಿದ್ದಾಳೆ. ಯಾವತ್ತಾದರೂ ನಾಗರತ್ನಳೇ ಸೊಲ್ಲು ಎತ್ತಿದರೆ ಮರುಸೊಲ್ಲು ತಾನು ಕೊಡೋಣ ಅಂತ ಕಾಯುತ್ತಾ ಸುಲಿಯುತ್ತಾಳೆ.