ಮೊಮ್ಮಗಳು ಇಟ್ಟ ಕುದುರಿ

ನನ್ನ ಮೊಮ್ಮಗಳು ನನ್ನನ್ನ ಸೋಲಿಸಿದಳ್ರಿ! ಹೂವಿನಹಡಗಲಿಯ ರ‍್ಯಾಪಿಡ್ ಚೆಸ್ ಪಂದ್ಯದಾಗ, ಕಡೇ ಸುತ್ತಿನಾಗ, ಅಷ್ಟೂ ಮಂದಿ ಎದುರಿಗೆ!

ನಾವಿಬ್ಬರೂ ಇಟ್ಟಿಗಿ ಊರಿನವರು, ಹಡಗಲಿಯ ಒಂದೇ ಕ್ಲಬ್ಬಿನವರು. ನಾನು ಶಾಲಿ ಕಂಡದ್ದು ಕಡಿಮಿ. ಕುರಿ ಕಾಯ್ಕೋತ, ಹಾಸುಗಲ್ಲಿನ ಮೇಲೆ ಇದ್ದಲಿಯಿಂದ ಆಟದ ಚೌಕದ ಮನಿ ಬರಕೊಂಡು ಚದುರಂಗ ಕಲಿತವ. ಅವಳಿಗೆ ಕಲಿಸಿದವನೂ ನಾನೇ. ಈ ಸಲ ಗೆದ್ದ ಒಬ್ಬರಿಗಷ್ಟೇ ಜಿಲ್ಲಾ ಮಟ್ಟಕ್ಕೆ ದಾರಿ. ಕಡೇ ಸುತ್ತಿಗೆ ಎದುರುಬದುರು ಬಂದವರು ನಾವೇ.

“ಅಜ್ಜಾ, ಬೇಕಂತ ಬಿಟ್ಟುಕೊಟ್ಟಿ ಅಂದ್ರ ನಿನ್ನ ಸಂಗಾಟ ಮಾತೇ ಇಲ್ಲ,” ಅಂದಳು ಕುಂಡ್ರೋ ಮೊದಲು.

“ಬಿಟ್ಟುಕೊಡ್ತೀನಾ? ಅಳಿಸಿ ಕಳಿಸ್ತೀನಿ, ಕುಂಡ್ರಲೇ.”

ಸುಳ್ಳಲ್ಲ, ಗೆಲ್ಲಾಕೇ ಆಡಿದೆ. ಗಡಿಯಾರದ ಗುಂಡಿ ಟಪ್ ಟಪ್ ಒತ್ತಿಕೋತ ಅವಳ ರಾಜನ್ನ ಮೂಲಿಗೆ ತಳ್ಳಿದೆ. ಇನ್ನೊಂದು ನಡೆ ಸಿಕ್ಕಿದ್ರ ನನ್ನ ಮಂತ್ರಿ ಆಟ ಮುಗಿಸ್ತಿತ್ತು. ಅಷ್ಟರಾಗ ಅವಳದೊಂದು ಕಾಲಾಳು ನನ್ನ ಕಡೇ ಸಾಲು ಮುಟ್ಟಿತು. ಮಂತ್ರಿ ಮಾಡ್ಕೋತಾಳ, ಮಾಡ್ಕೊಳ್ಳಲಿ, ಅದರಿಂದ ನನ್ನ ರಾಜನಿಗೆ ಚೆಕ್ ಬರಂಗಿಲ್ಲ ಅಂತ ಒಳಗೇ ನಕ್ಕೆ.

ಅವಳು ಮಂತ್ರಿ ಮುಟ್ಟಲೇ ಇಲ್ಲ. ಪಕ್ಕದಾಗ ಬಿದ್ದಿದ್ದ ಕುದುರಿ ಎತ್ತಿ ಇಟ್ಟಳು!

ನಮ್ಮ ಹಳೇ ಆಟದಾಗ, ಕುದುರಿ ಸಾಲಿನಾಗ ಕಡೀತನಕ ಹೋದ ಕಾಲಾಳು ಕುದುರಿನೇ ಆಗಬೇಕಿತ್ತು. ಈ ಹೊಸ ಆಟದಾಗ ಬೇಕಾದ್ದು ಮಾಡ್ಕೋಬಹುದು. ಹಂಗಂದ ಮ್ಯಾಲೆ ಮಂತ್ರಿ ಬಿಟ್ಟು ಕುದುರಿ ಯಾರು ತಗೋತಾರ? ಕುದುರಿನೂ ಆಗಬಹುದು ಅನ್ನೋದನ್ನ ನಾನಂತೂ ಮರತೇ ಬಿಟ್ಟಿದ್ದೆ. ಆ ಕುದುರಿ ನಿಂತಲ್ಲಿಂದಲೇ ನನ್ನ ರಾಜನಿಗೂ ಚೆಕ್, ಮಂತ್ರಿಗೂ ಕುತ್ತು. ರಾಜನ್ನ ಸರಿಸಿದೆ, ಮಂತ್ರಿ ಹೋತು.

ಸೋತೆ ಅಂತ ಗಡಿಯಾರ ನಿಲ್ಲಿಸಿ, ಕೈ ಚಾಚಿದೆ. “ಎಲ್ಲಿ ಕಲಿತಿಲೇ ಇದನ್ನ?”

“ನೀನೇ ಹೇಳಿದ್ದಲ್ಲಜ್ಜಾ ಆ ಹಳೇ ಆಟದ ನಿಯಮ, ನಾನು ಸಣ್ಣಾಕಿ ಇದ್ದಾಗ. ಈಗ ಅಳಬ್ಯಾಡ, ಎಲ್ಲಾರೂ ನೋಡಾಕತ್ಯಾರ.”

ಸಂಜಿಗೆ ಮನಿಯವರೆಲ್ಲ ಒಟ್ಟಿಗೆ ಉಣ್ಣಾಕ ಕುಂತಿವಿ. ನನ್ನ ಹೆಂಡತಿ ಹೋಳಿಗಿ ಮೇಲೆ ತುಪ್ಪ ಸುರೀತ, “ಸೋತು ಬಂದು ಹಿಂಗ ಹಲ್ಲು ಕಿರಿಯೋರನ್ನ ನಾ ಕಂಡಿಲ್ಲ ಬಿಡ್ರಿ,” ಅಂದಳು.

“ಅಪ್ಪಾ, ಕುದುರಿ ಕಥಿ ಸಾಕು, ಉಣ್ಣು,” ಅಂದ ಮಗ.

ನಾನೆಲ್ಲಿ ಬಿಟ್ಟೇನು? ಉಳ್ಳಾಗಡ್ಡಿ ಚೂರು ತಾಟಿನಾಗ ಜೋಡಿಸಿ, ಇದು ರಾಜ, ಇದು ಮಂತ್ರಿ ಅಂತ ತೋರಿಸಾಕ ಹೋದೆ. ಮೊಮ್ಮಗಳು ನನ್ನ ರಾಜನ್ನೇ ಎತ್ತಿ ರೊಟ್ಟಿಯಾಗ ಸುತ್ತಿಕೊಂಡು ತಿಂದಳು.