ಹೊಸ ಲಾರಿಯ ಹಳೇ ಪಂಪು

ಸೇನೆಯ ಬಿಡಿಭಾಗಗಳ ಉಗ್ರಾಣದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಗೊಂಬೆಯಾಟದಕ್ಕ ಎಂದು. ಕಂಪ್ಯೂಟರಿನೊಳಗೆ ಲಾರಿಗಳನ್ನು ಓಡಿಸಿ, ಕೆಡಿಸಿ, ರಿಪೇರಿ ಮಾಡಿಸಿ, ಯಾವುದು ಯಾವ ದಾರಿಗೆ ತಾಳೀತು ಎಂದು ಮೊದಲೇ ಹೇಳುವುದು ಅವಳ ಕೆಲಸ. ಪರದೆಯ ಮೇಲೆ ಎಷ್ಟು ಲಾರಿ ಉರುಳಿದರೂ ಯಾರಿಗೂ ಒಂದು ಗೀರೂ ಬೀಳುವುದಿಲ್ಲ. ಹುಟ್ಟಾ ಪುಕ್ಕಲಿಯಾದ ಅವಳಿಗೆ ಅದೇ ಹಿಡಿಸಿತ್ತು. ಅಮ್ಮ ತೀರಿಕೊಂಡ ಮೇಲೆ ತಾನೇ ಸಾಕಿದ ತಮ್ಮನು ಸೇನೆಯ ಲಾರಿ ಓಡಿಸಲು ಸೇರಿದಂದಿನಿಂದ, ಕಡಿದಾದ ಇಳಿಜಾರಿಗೆ ಹೊಸ ಲಾರಿಗಳನ್ನೇ ಆರಿಸುತ್ತಿದ್ದಳು.

ಆ ಬೆಳಿಗ್ಗೆ ಮನೆಯಲ್ಲಿ ಬೂಟಿನ ದಾರ ಬಿಗಿಯುತ್ತಾ ತಮ್ಮ ಹೇಳಿದ, "ನನ್ನ ಗಾಡಿ ನಿನ್ನೆ ಹಟ ಹಿಡಿದಿತ್ತು ಕಣೇ ಅಕ್ಕ. ಬ್ರೇಕ್ ಪಂಪ್ ಹೋಗಿತ್ತು. ಮೇಸ್ತ್ರಿ ಮೂಲೇಲಿ ನಿಂತಿದ್ದ ಮುದಿ ಲಾರೀದು ಕಿತ್ತು ಇದಕ್ಕೆ ಹಾಕಿದ. ಮದುಮಗನ ಬಾಯಿಗೆ ಮುದುಕನ ಹಲ್ಲು!"

ನಗುತ್ತಲೇ ಹೊರಟುಹೋದ. ಅವಳು ಲೋಟ ಹಿಡಿದು ನಿಂತಲ್ಲೇ ನಿಂತಳು.

ಲಾರಿಗೆಷ್ಟು ವಯಸ್ಸೋ ಅದರ ಪಂಪಿಗೂ ಅಷ್ಟೇ ಎಂದು ತನ್ನ ಕಂಪ್ಯೂಟರ್ ಮಾದರಿಯಲ್ಲಿ ಬರೆದವಳು ಅವಳೇ. ಸವೆದ ಪಂಪು ಹೊಸ ಲಾರಿಗೆ ಸೇರಿದರೆ, ಕಂಪ್ಯೂಟರಿನ ಕಣ್ಣಿಗೆ ಅದೂ ಹೊಸದೇ. ಇವತ್ತಿನ ಇಳಿಜಾರಿಗೆ ಆ ಲಾರಿಯನ್ನು ಆರಿಸಿದವಳೂ ಅವಳೇ.

ಕಚೇರಿಗೆ ಓಡಿಬರುವಷ್ಟರಲ್ಲಿ ಲಾರಿಗಳ ಸಾಲು ಗೇಟು ದಾಟಿತ್ತು. ಚಾಲಕರ ಫೋನುಗಳೆಲ್ಲ ನಿಯಮದಂತೆ ಗೇಟಿನ ಪೆಟ್ಟಿಗೆಯಲ್ಲಿದ್ದವು.

"ಏನಮ್ಮಾ, ದೆವ್ವ ಬಡಿದೋರ ಹಾಗಿದೀಯ?" ಎಂದರು ಉಗ್ರಾಣದ ಸಾಹೇಬರು.

"ಲಾರಿ ನಿಲ್ಲಿಸಿ ಸರ್. ನನ್ನ ಲೆಕ್ಕ ತಪ್ಪಾಗಿದೆ."

"ಹೊರಟ ಸಾಲನ್ನ ನಿಲ್ಲಿಸೋದು ಹುಡುಗಾಟನಾ? ನಿನ್ನ ಲೆಕ್ಕ ನಂಬಿ ಮೇಲಿನೋರ ಮುಂದೆ ಎದೆ ತಟ್ಟಿ ಬಂದಿದೀನಿ ನಾನು!"

ಪಂಪಿನ ವಿಷಯ ತೊದಲುತ್ತಾ ಹೇಳಿದಳು. "ನನ್ನ ಕೆಲಸ ಬೇಕಾದ್ರೆ ತೆಗೀರಿ ಸರ್. ಇಳಿಜಾರಿಗೆ ಮುಂಚೆ ನಿಲ್ಲಿಸಿ."

ಸಾಹೇಬರು ಫೋನೆತ್ತಿದರು. ಇಳಿಜಾರಿನ ತಲೆಯಲ್ಲಿರುವ ಕಾವಲು ಚೌಕಿಯಲ್ಲಿ ಯಾರೂ ಎತ್ತಲಿಲ್ಲ. ಮತ್ತೆ ಒತ್ತಿದರು. ಕೊನೆಗೆ ಯಾರೋ ಎತ್ತಿದರು. ಸಾಲು ನಿಲ್ಲಿಸಿ ಆ ಲಾರಿಯ ಪಂಪು ಬಿಚ್ಚಿ ನೋಡುವಂತೆ ಸಾಹೇಬರು ಗದರಿ ಆಜ್ಞೆ ಕೊಟ್ಟರು. ಆಮೇಲೆ ಕಾಯುವುದಷ್ಟೇ ಉಳಿಯಿತು.

ಚೌಕಿಯಿಂದ ಬಂದ ಕರೆಯಲ್ಲಿ ತಮ್ಮನ ದನಿಯಿತ್ತು. "ಏನೇ ಅಕ್ಕ ನಿನ್ನ ಕಾಟ! ಎಲ್ಲರ ಮುಂದೆ ಗಾಡಿ ಬಿಚ್ಚಿಸಿದೀಯ." ಆಮೇಲೆ ಮೆಲ್ಲಗೆ ಹೇಳಿದ, "ಪಂಪ್ ಸೋರ್ತಿತ್ತು ಕಣೇ."

ಅವಳು ಅದನ್ನೇ ಸಾಹೇಬರಿಗೆ ಹೇಳಿದಳು.

"ಮೊನ್ನೆ ಹೋದ ಸಾಲು ಈಗ ಆಚೆ ಬೆಟ್ಟದ ಇಳಿಜಾರು ಇಳಿದು ವಾಪಸ್ ಬರ್ತಾ ಇರಬೇಕು," ಎಂದರು ಸಾಹೇಬರು. ಅವರ ದನಿಯೂ ತಗ್ಗಿತ್ತು. "ಅದರಲ್ಲಿ ಎಷ್ಟು ಗಾಡಿಗೆ ಹೀಗೆ ಹಳೇ ಪಂಪ್ ಹಾಕಿದಾರೆ?"

"ಗೊತ್ತಿಲ್ಲ ಸರ್," ಎಂದಳು.

ಸಾಹೇಬರು ಮತ್ತೆ ಫೋನೆತ್ತಿಕೊಂಡರು.