ಮಾವನವರಿಗೆ ಡ್ರೈವಿಂಗ್ ಕಲಿಸಿದ್ದು

ರಾಣೆಬೆನ್ನೂರಿನ ನನ್ನ ಡ್ರೈವಿಂಗ್ ಸ್ಕೂಲಿಗೆ ಬಂದವರೆಲ್ಲ ನನ್ನಿಂದ ಬೈಸಿಕೊಂಡೇ ಕಲಿತು ಹೋಗಿದ್ದಾರೆ. ಬೀಜದ ವ್ಯಾಪಾರಿಗಳು, ಮಾಸ್ತರರು, ಕುಮಾರಪಟ್ಟಣದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬರುತ್ತಿದ್ದ ನೌಕರರು, ಯಾರನ್ನೂ ಬಿಟ್ಟವನಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಆದರೆ ಕಲಿಸುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ತಾಲೂಕಿನಲ್ಲಿ ಇರಲಿಲ್ಲ. ಹೀಗೆ ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ. ಕ್ಲಚ್ಚು, ಗೇರು ಯಾರಾದರೂ ಕಲಿಸುತ್ತಾರೆ. ನಾನು ಕಲಿಸುತ್ತಿದ್ದದ್ದು ನೋಡುವುದನ್ನು.

"ಬಾನೆಟ್ ನೋಡಬ್ಯಾಡ್ರಿ. ಆ ದೂರದ ಹುಣಸಿಮರ ನೋಡ್ರಿ. ಕಣ್ಣು ಎಲ್ಲಿ ಹೋಗ್ತಾವೋ ಗಾಡಿ ಅಲ್ಲೇ ಹೋಗ್ತೈತಿ." ದಿನಕ್ಕೆ ಇಪ್ಪತ್ತು ಸಲವಾದರೂ ಇದನ್ನು ಹೇಳುತ್ತಿದ್ದೆ.

ರಸ್ತೆಯಲ್ಲಿ ಗಾಡಿಯ ಜಾಗ ತಿಳಿಯಲೆಂದು ಸ್ಕೂಲಿನ ಕಾರಿನ ಮುಂದಿನ ಗಾಜಿಗೆ ಕಪ್ಪು ಟೇಪಿನ ತುಂಡೊಂದನ್ನು ಅಂಟಿಸಿದ್ದೆ. ಕೂತಲ್ಲಿಂದ ನೋಡಿದಾಗ ರಸ್ತೆಯ ಎಡ ಅಂಚು ಆ ಟೇಪಿಗೆ ಸೇರಿದಂತೆ ಕಂಡರೆ, ಎಡಗಡೆಯ ಗಾಲಿಗಳು ಅಂಚಿನಿಂದ ಒಂದು ಮೊಳ ಒಳಗಿವೆ ಎಂದು ಲೆಕ್ಕ. ನನ್ನದೇ ಉಪಾಯವಾದ್ದರಿಂದ ಅದರ ಮೇಲೆ ನನಗೆ ಬಹಳ ಅಭಿಮಾನವಿತ್ತು.

ಹೆದ್ದಾರಿ ಅಗಲವಾಗುತ್ತಿದ್ದ ವರ್ಷಗಳವು. ಕದರಮಂಡಲಗಿಯ ಹತ್ತಿರದ ಹಳ್ಳಿಯಲ್ಲಿದ್ದ ನನ್ನ ಅತ್ತೆಯವರು, ಎಂದರೆ ಹೆಂಡತಿಯ ತಾಯಿ, ಹಿತ್ತಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಒಂದು ತಿಂಗಳು ಕಳೆದ ಮೇಲೆ ವಾರಕ್ಕೆರಡು ಸಲ ಹಾವೇರಿಗೆ ಬಂದು ಕಾಲಿನ ವ್ಯಾಯಾಮ ಮಾಡಬೇಕು, ನಾಲ್ಕು ತಿಂಗಳು ಬಿಡದೆ ಮಾಡದಿದ್ದರೆ ಮುಂದೆ ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದರು. ಬಸ್ಸಿನ ಮೆಟ್ಟಿಲು ಹತ್ತಲು ಅವರಿಗಾಗುತ್ತಿರಲಿಲ್ಲ. ನಾನೇ ಕರೆದೊಯ್ಯುತ್ತೇನೆ ಎಂದೆ. ಅತ್ತೆಯವರು ಒಪ್ಪಲಿಲ್ಲ.

"ವಾರಕ್ಕ ಎರಡು ದಿನ ಅಳಿಯಂದ್ರ ಕೆಲಸ ಕೆಡಿಸಿ ನಾ ನಡಿಯೂದು ಕಲೀಬೇಕೇನು? ಅದಕ್ಕಿಂತ ಕುಂತಲ್ಲೇ ಕುಂದರ್ತೇನಿ."

ಆ ಮಾತಿಗೆ ಮಾವನವರು ಬ್ಯಾಡಗಿಯಲ್ಲಿ ಹಳೆಯದೊಂದು ವ್ಯಾನು ಕೊಂಡು ತಂದರು. ವಯಸ್ಸು ಅರವತ್ತರ ಹತ್ತಿರ. ಅಲ್ಲಿಯವರೆಗೆ ಅವರು ಓಡಿಸಿದ್ದು ಎತ್ತಿನ ಗಾಡಿಯೊಂದನ್ನೇ. ಕಲಿಸುವ ಭಾರ ನನ್ನ ತಲೆಗೆ ಬಂತು.

ಮೊದಲ ದಿನವೇ ಗೊತ್ತಾಯಿತು, ಇವರು ದೂರ ನೋಡುವವರಲ್ಲ. ದೃಷ್ಟಿ ಬಾನೆಟ್ಟಿನ ಮೇಲೆಯೇ. ಎತ್ತಿನ ಗಾಡಿಯ ನಡುವೆ ಕೂತು ರೂಢಿಯಾದವರು, ಕಾರಿನಲ್ಲಿ ಬಲಕ್ಕೆ ಕೂತಿದ್ದೇವೆಂಬುದನ್ನೇ ಮರೆಯುತ್ತಿದ್ದರು. ಹೀಗಾಗಿ ಎಡಗಡೆಯ ಗಾಲಿ ಮತ್ತೆ ಮತ್ತೆ ಡಾಂಬರು ಬಿಟ್ಟು ಮಣ್ಣಿಗೆ ಇಳಿಯುತ್ತಿತ್ತು. ಟೇಪು ತೋರಿಸಿದೆ. ಅಂದಿನಿಂದ ರಸ್ತೆಯನ್ನು ಬಿಟ್ಟು ಟೇಪನ್ನೇ ನೋಡತೊಡಗಿದರು! ಒಂದು ಎಮ್ಮೆ, ಒಂದು ಸೈಕಲ್ಲು, ಒಂದು ಸೇತುವೆಯ ಕಟ್ಟೆ, ಮೂರನ್ನೂ ಉಳಿಸಿದ್ದು ಸ್ಕೂಲಿನ ಕಾರಿನಲ್ಲಿ ಕಲಿಸುವವನಿಗೆಂದೇ ಇರುವ, ನನ್ನ ಕಾಲಡಿಯ ಬ್ರೇಕು. ಬೇರೆ ಯಾರಾದರೂ ಆಗಿದ್ದರೆ ಅವರ ಏಳು ತಲೆಮಾರನ್ನು ಜಾಲಾಡುತ್ತಿದ್ದೆ. ಹೆಣ್ಣು ಕೊಟ್ಟ ಮಾವನನ್ನು ಬೈಯುವುದು ಹೇಗೆ? "ಇರ್ಲಿ ಬಿಡ್ರಿ ಮಾವಾರ" ಎನ್ನುತ್ತ ಸಿಟ್ಟನ್ನೆಲ್ಲ ನುಂಗಿಕೊಂಡು, ಮುಂದಿನ ಪಾಠಕ್ಕೆ ಬಂದವರ ಮೇಲೆ ಕಾರಿಕೊಳ್ಳುತ್ತಿದ್ದೆ.

ಮೈದಾನದಲ್ಲಿ ನಿಧಾನವಾಗಿ ಎಂಟು ಹಾಕಿ ತೋರಿಸಿ ಲೈಸನ್ಸ್ ಏನೋ ಪಡೆದರು. ಅಷ್ಟು ನಿಧಾನಕ್ಕೆ ಬಾನೆಟ್ ನೋಡಿಕೊಂಡರೂ ನಡೆಯುತ್ತದೆ. ಆದರೆ ಹೆಂಡತಿ ಬಂದು ಹೇಳಿದಳು, "ನೀವು ಹೂಂ ಅನ್ನೂತನಕ ಅವ್ವ ವ್ಯಾನ್ ಹತ್ತಂಗಿಲ್ಲಂತ." ನನ್ನ ಬಾಯಿಂದ ಆ ಹೂಂ ಬರಲಿಲ್ಲ. ಅತ್ತ ಎರಡು ವಾರದ ವ್ಯಾಯಾಮ ತಪ್ಪಿಹೋಗಿತ್ತು.

ಕೊನೆಗೆ ಇದು ನಿಮ್ಮಿಂದಾಗದೆಂದು ಮಾವನವರ ಮುಖಕ್ಕೇ ಹೇಳಿಬಿಡೋಣ, ಬಾಡಿಗೆ ಡ್ರೈವರನ್ನು ನೋಡೋಣ ಎಂದು ಹಳ್ಳಿಗೆ ಹೋದೆ. ಊಟ ಮಾಡಿಸಿದರು. ಕದರಮಂಡಲಗಿಯಲ್ಲಿ ಬಸ್ಸು ಹತ್ತಿಸಲು ಅವರೇ ಗಾಡಿ ಕಟ್ಟಿದರು. ದಾರಿಯಲ್ಲಾದರೂ ಹೇಳಬೇಕೆಂದು ಪಕ್ಕದಲ್ಲಿ ಕೂತೆ. ಅವರ ಕಣ್ಣು ಎತ್ತುಗಳ ಮೇಲೇ ಇತ್ತು, ಬಾಯಿ ಮಳೆ ಬೆಳೆಯ ಸುದ್ದಿ ಹೇಳುತ್ತಿತ್ತು. ಗೋವಿನಜೋಳದ ಹೊಲದ ತಿರುವು ಬಂತು. ಮಾತು ನಿಲ್ಲಿಸದೆಯೇ ಹಗ್ಗ ಎಳೆದು ಗಾಡಿಯನ್ನು ಎಡಕ್ಕೆ ಒತ್ತಿದರು. ಮರುಗಳಿಗೆ ತಿರುವಿನಾಚೆಯಿಂದ ಒಂದು ಬೈಕು ಸರ್ರನೆ ಬಂದು ಹಾದುಹೋಯಿತು. ಇಳಿಜಾರೆಂದು ಪೆಟ್ರೋಲ್ ಉಳಿಸಲು ಎಂಜಿನ್ ಆರಿಸಿಕೊಂಡು ಬಂದಿದ್ದ ಪುಣ್ಯಾತ್ಮ.

"ನಿಮಗ ಹೆಂಗ ಗೊತ್ತಾತ್ರಿ ಮಾವಾರ?"

"ಎಡಗಡಿ ಎತ್ತಿನ ಕಿವಿ ನಿಂತುವಲ್ರಿ. ಅದಕ್ಕ ನಮಗಿಂತ ಮೊದ್ಲ ತಿಳೀತೈತಿ. ಅದರ ಕಿವಿ ನೋಡಿದ್ರ ಹಾದಿ ನೋಡಿಧಂಗ."

ನನಗೆ ನಾಚಿಕೆಯಾಯಿತು. ಹನ್ನೆರಡು ವರ್ಷದಿಂದ ನೋಡುವುದನ್ನು ಕಲಿಸುವವನು ನಾನು. ಈ ಮನುಷ್ಯ ಬಾನೆಟ್ಟಿನ ಮೇಲೆ ಏನನ್ನು ಹುಡುಕುತ್ತಿದ್ದಾರೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಹೇಳಲು ಬಂದಿದ್ದನ್ನು ಹೇಳಲಿಲ್ಲ. "ನಾಳಿ ಮುಂಜಾನೆ ಮತ್ತ ಬರ್ರಿ" ಎಂದು ಬಸ್ಸು ಹತ್ತಿದೆ.

ಮರುದಿನ ಮೊದಲು ಟೇಪನ್ನು ಕಿತ್ತು ಎಸೆದೆ. "ಮಾವಾರ, ಈ ಗಾಡಿಗೆ ಕಿವಿ ಇಲ್ಲ. ಕಿವಿ ಎಲ್ಲಾ ಮುಂದ ರಸ್ತೆದಾಗ ಅದಾವ. ಅಲ್ಲಿ ಹುಡುಕ್ರಿ. ಇನ್ನೊಂದು ಮಾತು, ನೀವು ಕುಂತಿದ್ದು ಬಲಗಡಿ ಎತ್ತಿನ ಜಾಗಾದಾಗ. ಎಡಗಡಿ ಎತ್ತಿಗೆ ನಡಿಯಾಕ ಜಾಗಾ ಬಿಡ್ರಿ."

ಅಷ್ಟೇ. ಕಾಗಿನೆಲೆ ರಸ್ತೆಗೆ ಕರೆದೊಯ್ದೆ. ಮೊದಲು ಅಳುಕುತ್ತ, ಆಮೇಲೆ ಉಮೇದಿನಿಂದ ಅವರೇ ಹೇಳತೊಡಗಿದರು: ಸೈಕಲ್ಲಿನವನ ಹೆಗಲು ಬಲಕ್ಕೆ ವಾಲಿತು, ತಿರುಗುತ್ತಾನೆ, ನಿಂತ ಬಸ್ಸಿನ ಮುಂದಿನ ಗಾಲಿ ಹೊರಳಿತು, ಹೊರಡುತ್ತದೆ, ಆಡು ಮೇಯುವುದು ಬಿಟ್ಟು ಕತ್ತೆತ್ತಿತು, ದಾಟುತ್ತದೆ. ದೂರ ನೋಡಿ ಎಂದು ನಾನು ಒಂದು ಸಲವೂ ಹೇಳಬೇಕಾಗಲಿಲ್ಲ. ಎಡಗಡೆಯ ಗಾಲಿ ಅಂದು ಮಣ್ಣಿಗಿಳಿಯಲಿಲ್ಲ. ಹೀಗೆ ಒಂದು ವಾರ ಓಡಾಡಿಸಿದೆ. ಆದರೂ ಪೂರ್ತಿ ಧೈರ್ಯ ಬರಲಿಲ್ಲ. ಕೊನೆಯ ಪರೀಕ್ಷೆ ಅವರ ವ್ಯಾನಿನಲ್ಲೇ ಆಗಲಿ, ಹಾವೇರಿಯವರೆಗೆ ಜೊತೆಗೆ ಬರುತ್ತೇನೆ, ಅಲ್ಲಿ ನನ್ನ ತೀರ್ಮಾನ ಹೇಳುತ್ತೇನೆ ಎಂದೆ. ನಾನು ಕೂಡ ಇರುತ್ತೇನೆಂದ ಮೇಲೆ ಅತ್ತೆಯವರು ಹಿಂದಿನ ಸೀಟಿನಲ್ಲಿ ಕೂತರು.

ವ್ಯಾನಿನಲ್ಲಿ ನನ್ನ ಕಾಲಡಿ ಬ್ರೇಕ್ ಇರಲಿಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಬಾಗಿಲ ಹಿಡಿಕೆ ಹಿಡಿದು ಕೂತೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ ಶುರುವಾಗಿತ್ತು. ಮಾರ್ಕೆಟ್ಟಿನ ಹತ್ತಿರ ಲಾರಿಗಳ ಸಾಲು, ಗಾಳಿಯಲ್ಲಿ ಘಾಟು. ನನಗೆ ಸೀನಿನ ಮೇಲೆ ಸೀನು. ನಿಂತ ಲಾರಿಯೊಂದನ್ನು ಇನ್ನೇನು ದಾಟಬೇಕು, ಮಾವನವರು ವ್ಯಾನನ್ನು ನಿಲ್ಲಿಸಿಯೇಬಿಟ್ಟರು. ಮುಂದೆ ರಸ್ತೆ ಖಾಲಿ. ಹಿಂದಿನವರು ಹಾರ್ನ್ ಬಾರಿಸಿದರು. ಅಷ್ಟು ದಿನ ತಡೆದುಕೊಂಡಿದ್ದು ಆಗ ಹೊರಬಿತ್ತು.

"ಹಾದಿ ಖಾಲಿ ಐತಿ, ಯಾಕ ನಿಂತ್ರಿ? ನಡೀರಿ!"

ಅವರು ಕದಲಲಿಲ್ಲ. ಲಾರಿಯ ಮುಂದಿನಿಂದ ಇಬ್ಬರು ಹೆಣ್ಣುಮಕ್ಕಳು, ತಲೆಯ ಮೇಲೆ ಮೆಣಸಿನಕಾಯಿ ಬುಟ್ಟಿ, ಅತ್ತಿತ್ತ ನೋಡದೆ ನಮ್ಮ ಎದುರಿಗೇ ಬಂದರು. ಅವರು ಕಂಡ ಮೇಲೆ ನನ್ನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯಿತು.

"ಲಾರಿ ಬಾಜೂಕ ನಿಂತ ಆಕಳ ಕಿವಿ ನೀವು ನೋಡ್ಲಿಲ್ಲೇನ್ರಿ?" ಎಂದರು ಮಾವನವರು. ಆಕಳನ್ನೇ ನಾನು ನೋಡಿರಲಿಲ್ಲ.

ಬಸ್ ಸ್ಟ್ಯಾಂಡಿನ ಎದುರು ಬಂದಾಗ ಹಿಂದಿನಿಂದ ಅತ್ತೆಯವರ ದನಿ ಬಂತು. "ಅಳಿಯಂದ್ರ, ನೀವು ಇಲ್ಲೇ ಇಳೀರಿ. ರಾಣೆಬೆನ್ನೂರ ಬಸ್ಸು ಸಿಗತೈತಿ."

"ಹಾವೇರಿತನಕ ನೋಡ್ತೇನಂದಿದ್ದೆ. ನಾ ಇನ್ನೂ ಹೂಂ ಅಂದಿಲ್ರಿ."

"ಅವರಿಗೆ ಕಂಡಿದ್ದು ನಿಮಗ ಕಾಣ್ಲಿಲ್ಲ. ಮತ್ತ ಹೂಂ ಅನ್ನಾವ್ರು ಯಾರು?"

ಅವರು ನಗುತ್ತಲೇ ಹೇಳಿದರು, ನನಗೆ ನಾಟಿತು. ನೋವೂ ಆಯಿತು, ಸಂತೋಷವೂ ಆಯಿತು. ಸಂತೋಷವೇ ಹೆಚ್ಚು ಎಂದು ಒಪ್ಪಿಕೊಳ್ಳಲು ಮಾತ್ರ ಎರಡು ದಿನ ಬೇಕಾಯಿತು. ಇಳಿದೆ. ಅತ್ತೆಯವರು ತಾವು ಮುಂದೆ ಕೂರುವುದಾಗಿ ಹೇಳಿ, ನಾನು ಚಾಚಿದ ಕೈ ಬೇಡವೆಂದು, ವ್ಯಾನನ್ನೇ ಹಿಡಿದುಕೊಂಡು ಮೂರು ಹೆಜ್ಜೆ ಹಾಕಿ ನನ್ನ ಸೀಟಿಗೆ ಬಂದು ಕೂತರು. ನಾನು ಬಾಗಿಲು ಹಾಕಿದೆ.

"ಹೊಂಡೂಣೇನು?" ಎಂದರು ಮಾವನವರು.

ಅಭ್ಯಾಸಬಲದಿಂದ "ಹೊಂಡ್ರಿ" ಎಂದುಬಿಟ್ಟೆ. ಅವರು ಕೇಳಿದ್ದು ಅತ್ತೆಯವರನ್ನು.